ಆಗದೇ ಹೋದ ವರ್ಷದ ಲೆಕ್ಕ

ಕಾರವಾರದಿಂದ ಅಂಕೋಲಾ ಕಡೆಗೆ ಹೊರಟರೆ ಪೇಟೆ ಮುಗಿಯುವ ಹೊತ್ತಿಗೆ ಬಿಣಗಾ ಸಿಗುತ್ತದೆ. ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಗುಡ್ಡ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಕಾಸ್ಟಿಕ್ ಸೋಡಾ ಕಾರ್ಖಾನೆ, ಅದರಾಚೆ ಅರಗಾ ಕಡೆಯ ನೌಕಾನೆಲೆ. ಇಲ್ಲಿ ಯಾರಿಗಾದರೂ ಉಸಿರಾಟದ ತೊಂದರೆ ಜೋರಾದರೆ ಮನೆಯವರ ಮುಂದಿರುವ ದಾರಿಗಳು ಕೆಲವೇ. ಹತ್ತಿರದಲ್ಲಿ ಕಾರವಾರದ ಕ್ರಿಮ್ಸ್ ಆಸ್ಪತ್ರೆ ಇದೆ. ಅಲ್ಲಿ ಆಗುವುದಿಲ್ಲ ಎಂದರೆ ಉತ್ತರಕ್ಕೆ ಗೋವಾದ ಬಾಂಬೋಲಿ, ದಕ್ಷಿಣಕ್ಕೆ ಮಣಿಪಾಲ, ಘಟ್ಟ ಹತ್ತಿದರೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್). ಜಿಲ್ಲೆಯೊಳಗೇ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು ಉತ್ತರ ಕನ್ನಡದ ಜನ ವರ್ಷಗಳಿಂದ ಕೇಳುತ್ತಲೇ ಇದ್ದಾರೆ. 2022ರ ಜುಲೈಯಲ್ಲಿ ಶಿರೂರು ಟೋಲ್‌ನಲ್ಲಿ ರೋಗಿಯನ್ನು ಹೊತ್ತೊಯ್ಯುತ್ತಿದ್ದ ಆಂಬುಲೆನ್ಸ್ ಉರುಳಿಬಿದ್ದ ಮೇಲೆ ಆ ಕೂಗು ಇನ್ನಷ್ಟು ಜೋರಾಯಿತು.

ಆಸ್ಪತ್ರೆಯ ಈ ದೂರಕ್ಕೂ ಸಾವಿನ ಲೆಕ್ಕಕ್ಕೂ ನೇರ ಸಂಬಂಧವಿದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಸಾವು ಎಲ್ಲಿ ಸಂಭವಿಸಿತೋ ಅಲ್ಲಿಯೇ ದಾಖಲಾಗಬೇಕು. ಬಿಣಗಾದ ಹಿರಿಯರೊಬ್ಬರು ಬಾಂಬೋಲಿಯಲ್ಲಿ ತೀರಿಕೊಂಡರೆ ಆ ಸಾವು ಗೋವಾದ ಪುಸ್ತಕ ಸೇರುತ್ತದೆ, ಮಣಿಪಾಲದಲ್ಲಿ ತೀರಿಕೊಂಡರೆ ಉಡುಪಿ ಜಿಲ್ಲೆಯದು. ಮನೆಯಲ್ಲೇ ತೀರಿಕೊಂಡವರ ಸಾವು ಮಾತ್ರ ಊರಲ್ಲಿ ದಾಖಲಾಗುತ್ತದೆ, ಆದರೆ ಕಾರಣದ ಅಂಕಣ ಹೆಚ್ಚಿನ ಸಲ ಖಾಲಿಯಾಗಿರುತ್ತದೆ, ಇಲ್ಲವೇ ‘ವಯೋಸಹಜ’ ಎಂದು ತುಂಬಿರುತ್ತದೆ. ಹಾಗಾಗಿ 2021ರ ಮೇ ತಿಂಗಳ ಕೋವಿಡ್ ಅಲೆಯಲ್ಲಿ ಕೇರಿಯಲ್ಲಿ ಸಾಲುಸಾಲು ಹೆಣ ಎತ್ತಿದ್ದನ್ನು ಕಂಡವರು ಒಂದು ಸಂಖ್ಯೆ ಹೇಳುತ್ತಾರೆ, ಜಿಲ್ಲಾಡಳಿತದ ಬುಲೆಟಿನ್ ಇನ್ನೊಂದು ಹೇಳುತ್ತದೆ, ಇಬ್ಬರೂ ಸುಳ್ಳು ಹೇಳಿರುವುದಿಲ್ಲ.

ಕೋವಿಡ್ ಮುಗಿದು ವರ್ಷಗಳಾದರೂ ಮೂರು ಜಗಳ ಮುಗಿದಿಲ್ಲ. ನಿಜವಾಗಿ ಎಷ್ಟು ಜನ ಸತ್ತರು? ಲಸಿಕೆಯಿಂದ ಸತ್ತವರು ಎಷ್ಟು? ಲಾಕ್‌ಡೌನ್‌ನಿಂದ ಉಳಿದವರು ಎಷ್ಟು? ಮೇಲುನೋಟಕ್ಕೆ ಇವು ಬೇರೆಬೇರೆ ಪ್ರಶ್ನೆಗಳು, ಜಗಳ ಆಡುವವರೂ ಬೇರೆಬೇರೆ. ಆದರೆ ವಿಜ್ಞಾನದ ಮಟ್ಟಿಗೆ ಮೂರೂ ಒಂದೇ ಪ್ರಶ್ನೆ: ಇದು ಆಗದೇ ಇದ್ದಿದ್ದರೆ ಏನಾಗುತ್ತಿತ್ತು? ಕೋವಿಡ್ ಬಾರದ 2021, ಲಸಿಕೆ ಚುಚ್ಚದ 2021, ಬಾಗಿಲು ಮುಚ್ಚದ 2020 ಯಾವುದನ್ನೂ ಯಾರೂ ಕಂಡಿಲ್ಲ. ಆಗಿಹೋದ ವರ್ಷವನ್ನು ಆ ಕಾಣದ ವರ್ಷದ ಪಕ್ಕದಲ್ಲಿಟ್ಟು ಕಳೆಯಬೇಕು. ಆ ಕಾಣದ ವರ್ಷವನ್ನು ಕಟ್ಟುವ ರೀತಿಯಲ್ಲೇ ಎಲ್ಲ ಭಿನ್ನಾಭಿಪ್ರಾಯ ಅಡಗಿದೆ. ಅದನ್ನು ಕಟ್ಟಲು ಬೇಕಾದ ಕಚ್ಚಾ ಸಾಮಗ್ರಿ ಮರಣ ನೋಂದಣಿಯ ಪುಸ್ತಕ.

ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯದು. 76 ವರ್ಷದ ಆ ಹಿರಿಯರು ತೀರಿಕೊಂಡದ್ದು 2020ರ ಮಾರ್ಚ್ 10ರಂದು. ಅದು ಕೋವಿಡ್ ಸಾವು ಎಂದು ಸರ್ಕಾರ ಘೋಷಿಸಿದ್ದು ಮಾರ್ಚ್ 12ರಂದು, ಗಂಟಲು ದ್ರವದ ಪರೀಕ್ಷೆಯ ಫಲಿತಾಂಶ ಬಂದ ಮೇಲೆ. ಆ ಎರಡು ದಿನ ಅದು ಬರೀ ಒಂದು ಸಾವಾಗಿತ್ತು. ಮಾದರಿಯನ್ನು ಪರೀಕ್ಷೆಗೆ ಕಳಿಸಿರದಿದ್ದರೆ ಹಾಗೆಯೇ ಉಳಿಯುತ್ತಿತ್ತು. ಪರೀಕ್ಷೆ ಆಗದೆ ಸತ್ತವರು, ಪರೀಕ್ಷೆ ತಪ್ಪಾಗಿ ನೆಗೆಟಿವ್ ಬಂದವರು, ವೈರಸ್ ಹೋದ ಮೇಲೆ ಶ್ವಾಸಕೋಶ ಕೆಟ್ಟು ಸತ್ತವರು ಪಟ್ಟಿಯಿಂದ ಹೊರಗೆ ಉಳಿದರು. ಇನ್ನೊಂದು ಕಡೆಯಿಂದ, ಬೇರೆ ಕಾಯಿಲೆಯಲ್ಲಿ ಕೊನೆಯುಸಿರು ಎಳೆಯುತ್ತಿದ್ದು ಪರೀಕ್ಷೆಯಲ್ಲಿ ಪಾಸಿಟಿವ್ ಬಂದ ಕೆಲವರು ಒಳಗೆ ಸೇರಿದರು. ‘ಎಲ್ಲಕ್ಕೂ ಕೋವಿಡ್ ಅಂತ ಬರೀತಾರೆ’ ಎಂಬ ದೂರು ಆಗ ಎಲ್ಲ ಕಡೆ ಕೇಳುತ್ತಿತ್ತು. ಒಂದೊಂದೇ ಹೆಣದ ಮುಂದೆ ನಿಂತು ಈ ವಾದ ತೀರುವುದಿಲ್ಲ.

ಅದಕ್ಕೇ ಜನಸಂಖ್ಯಾ ತಜ್ಞರು ಕಾರಣದ ಗೊಡವೆಯನ್ನು ಬದಿಗಿಟ್ಟು ಒಟ್ಟು ಸಾವುಗಳನ್ನು ಎಣಿಸುತ್ತಾರೆ. ಕಾರವಾರ, ಅಂಕೋಲಾ ಎರಡೂ ತಾಲ್ಲೂಕು ಸೇರಿ 2011ರ ಜನಗಣತಿಯಲ್ಲಿ ಎರಡೂವರೆ ಲಕ್ಷಕ್ಕಿಂತ ತುಸು ಹೆಚ್ಚು ಜನ. ಸಾವಿರಕ್ಕೆ ವರ್ಷಕ್ಕೆ ಏಳು ಸಾವು ಎಂದು ಹಿಡಿದರೆ ವರ್ಷಕ್ಕೆ ಸುಮಾರು 1,800, ಅಂದರೆ ದಿನಕ್ಕೆ ಐದು. ಯಾವ ಪಿಡುಗೂ ಇಲ್ಲದ ವರ್ಷದಲ್ಲೂ ಈ ಐದು ಇದ್ದೇ ಇರುತ್ತವೆ. ಒಂದು ತಿಂಗಳು ಅದು ಎಂಟೋ ಹತ್ತೋ ಆದರೆ ಹೆಚ್ಚಾದ ಆ ಮೂರು, ಆ ಐದು ‘ಹೆಚ್ಚುವರಿ ಸಾವು’. ಅದರಲ್ಲಿ ಕೋವಿಡ್ ಎಷ್ಟು, ಡಯಾಲಿಸಿಸ್‌ಗೆ ಹೋಗಲಾಗದೆ ಸತ್ತವರೆಷ್ಟು ಎಂದು ಅದು ಹೇಳುವುದಿಲ್ಲ. ಆಗದೆ ತಪ್ಪಿದ ಸಾವುಗಳನ್ನು ಅದೇ ಹೊತ್ತಿಗೆ ಕಳೆದೂಬಿಡುತ್ತದೆ. ದೇಶದಲ್ಲಿ 2019ರಲ್ಲಿ ರಸ್ತೆ ಅಪಘಾತಕ್ಕೆ ಒಂದೂವರೆ ಲಕ್ಷ ಜನ ಬಲಿಯಾಗಿದ್ದರು, 2020ರಲ್ಲಿ ಅದು 1.31 ಲಕ್ಷದ ಆಸುಪಾಸಿಗೆ ಇಳಿಯಿತು. ಉಳಿದ ಆ ಜೀವಗಳು ಕೋವಿಡ್‌ಗೆ ಹೋದ ಅಷ್ಟೇ ಜೀವಗಳನ್ನು ಲೆಕ್ಕದಲ್ಲಿ ಮರೆಮಾಡುತ್ತವೆ.

2020 ಮತ್ತು 2021 ಸೇರಿ ಭಾರತ ಸರ್ಕಾರ ಹೇಳಿದ ಕೋವಿಡ್ ಸಾವು 4.8 ಲಕ್ಷ. ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ 5ರಂದು ಪ್ರಕಟಿಸಿದ ಅಂದಾಜಿನಲ್ಲಿ ಭಾರತದ ಹೆಚ್ಚುವರಿ ಸಾವು 47 ಲಕ್ಷ. ಪ್ರಭಾತ್ ಝಾ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಅದಕ್ಕೂ ಮೊದಲು 32 ಲಕ್ಷ ಎಂದಿದ್ದರು, ‘ಲ್ಯಾನ್ಸೆಟ್’ನಲ್ಲಿ ಬಂದ ಇನ್ನೊಂದು ಅಂದಾಜು 40 ಲಕ್ಷ ಮೀರಿತ್ತು. ಸರ್ಕಾರ ಇವೆಲ್ಲವನ್ನೂ ತಳ್ಳಿಹಾಕಿತು. ವಿಶ್ವ ಆರೋಗ್ಯ ಸಂಸ್ಥೆ ಇಡೀ ದೇಶದ ದಾಖಲೆ ನೋಡಿಲ್ಲ, ಕೆಲವು ರಾಜ್ಯಗಳ ಮಾಹಿತಿ ಹಿಡಿದು ಉಳಿದದ್ದನ್ನು ಗಣಿತದ ಮಾದರಿಯಿಂದ ತುಂಬಿದೆ ಎಂಬುದು ಅದರ ಆಕ್ಷೇಪ. ಈ ಆಕ್ಷೇಪದಲ್ಲಿ ಹುರುಳಿದೆ. ಕೇರಳದ ನೋಂದಣಿಯೂ ಬಿಹಾರದ ನೋಂದಣಿಯೂ ಒಂದೇ ಅಲ್ಲ, ಒಂದರಿಂದ ಇನ್ನೊಂದನ್ನು ಊಹಿಸುವುದು ಅಪಾಯ. ಆದರೆ ಇಡೀ ದೇಶದ ದಾಖಲೆ ಸರ್ಕಾರದ ಕೈಯಲ್ಲೇ ಇತ್ತು. 2021ರ ನಾಗರಿಕ ನೋಂದಣಿ ವರದಿ ಹೊರಬಂದದ್ದು 2025ರ ಮೇ ತಿಂಗಳಲ್ಲಿ. ಅದರ ಪ್ರಕಾರ ಆ ವರ್ಷ ನೋಂದಣಿಯಾದ ಸಾವು 1.02 ಕೋಟಿ. 2020ರಲ್ಲಿ 81 ಲಕ್ಷ, 2019ರಲ್ಲಿ 76 ಲಕ್ಷ ಇತ್ತು. ಒಂದೇ ವರ್ಷದಲ್ಲಿ 21 ಲಕ್ಷ ಜಿಗಿತ. ಅದೇ ವರ್ಷ ಅಧಿಕೃತ ಕೋವಿಡ್ ಸಾವು 3.3 ಲಕ್ಷದ ಆಸುಪಾಸು.

ನೋಂದಣಿ ಮಾಡಿಸುವವರು ಹೆಚ್ಚಾದ್ದರಿಂದ ಸಂಖ್ಯೆ ಏರಿತು ಎಂಬ ವಿವರಣೆಯೂ ಬಂತು. ನೋಂದಣಿ ವರ್ಷದಿಂದ ವರ್ಷಕ್ಕೆ ಸುಧಾರಿಸಿರುವುದು ನಿಜ. ಆದರೆ ಸುಧಾರಣೆ ಮೆಟ್ಟಿಲು ಹತ್ತಿದಂತೆ ಬರುತ್ತದೆ, ಒಂದು ವರ್ಷದಲ್ಲಿ ಕಾಲುಭಾಗ ಏರುವುದಿಲ್ಲ. ನೋಂದಣಿಯನ್ನು ನೆಚ್ಚದೆ ಮನೆಮನೆ ಸಮೀಕ್ಷೆಯಿಂದ ಸಾವಿನ ದರ ಅಳೆಯುವ ಸರ್ಕಾರದ್ದೇ ಇನ್ನೊಂದು ವ್ಯವಸ್ಥೆಯಲ್ಲೂ 2020ರಲ್ಲಿ ಸಾವಿರಕ್ಕೆ 6 ಇದ್ದದ್ದು 2021ರಲ್ಲಿ 7.5 ಆಯಿತು. ಎರಡು ಬೇರೆ ಅಳತೆಗೋಲು ಒಂದೇ ಕಡೆ ಬೆರಳು ತೋರಿಸಿದಾಗ ನಂಬಬೇಕಾಗುತ್ತದೆ. 47 ಲಕ್ಷವೇ ಸರಿ ಎಂದು ನಾನು ಹೇಳಲಾರೆ. ಇಪ್ಪತ್ತು ಲಕ್ಷಕ್ಕೂ ಐವತ್ತು ಲಕ್ಷಕ್ಕೂ ನಡುವೆ ಎಲ್ಲೋ ಒಂದು ಕಡೆ ನಿಜ ಇದೆ. ಅಧಿಕೃತ ಸಂಖ್ಯೆ ಮಾತ್ರ ನಿಜದ ಹತ್ತಿರಕ್ಕೂ ಬರುವುದಿಲ್ಲ ಎಂದು ಯಾವ ಅಳುಕೂ ಇಲ್ಲದೆ ಬರೆಯುತ್ತೇನೆ.

ಎಣಿಕೆ ಹೇಗೆ ಜಾರುತ್ತದೆ ಎಂಬುದಕ್ಕೆ ಎರಡು ರಾತ್ರಿಗಳ ಉದಾಹರಣೆ ಸಾಕು. 2021ರ ಮೇ 2ರ ರಾತ್ರಿಯಿಂದ 3ರ ಬೆಳಗಿನವರೆಗೆ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ 24 ರೋಗಿಗಳು ಸತ್ತರು. ಆಮ್ಲಜನಕ ಮುಗಿದಿತ್ತು. ಆಮ್ಲಜನಕವಿಲ್ಲದೆ ಸತ್ತವರು ಮೂವರೇ ಎಂದು ಮೊದಲು ಸರ್ಕಾರದ ಕಡೆಯಿಂದ ಬಂತು. ಹೈಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡರ ಸಮಿತಿ ಆ ಮಾತನ್ನು ಒಪ್ಪಲಿಲ್ಲ. ಅದೇ ತಿಂಗಳು 11ರ ನಸುಕಿನಲ್ಲಿ ಬಾಂಬೋಲಿಯ ಗೋವಾ ವೈದ್ಯಕೀಯ ಕಾಲೇಜಿನಲ್ಲಿ 26 ಜನ ಸತ್ತರು ಎಂದು ಅಲ್ಲಿನ ಆರೋಗ್ಯ ಸಚಿವರೇ ಹೇಳಿದರು. ಕಾರವಾರದವರು ಕಷ್ಟ ಬಂದಾಗ ಓಡುವ ಆಸ್ಪತ್ರೆಯೇ ಅದು. ಆ ಜುಲೈಯಲ್ಲಿ ರಾಜ್ಯಸಭೆಯಲ್ಲಿ ಕೇಂದ್ರ ಕೊಟ್ಟ ಉತ್ತರ: ಆಮ್ಲಜನಕದ ಕೊರತೆಯಿಂದ ಸಾವು ಎಂದು ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲ. ಸಾವಿನ ಪ್ರಮಾಣಪತ್ರದಲ್ಲಿ ‘ಆಮ್ಲಜನಕ ಮುಗಿಯಿತು’ ಎಂಬ ಕಾರಣ ಬರೆಯುವ ಪದ್ಧತಿ ಇಲ್ಲ. ‘ಉಸಿರಾಟ ವೈಫಲ್ಯ’ ಎಂದು ಬರೆಯುತ್ತಾರೆ, ಅದು ಸುಳ್ಳೂ ಅಲ್ಲ. ಕಾಗದ ಸರಿಯಾಗಿದ್ದೂ ಅನ್ಯಾಯ ನಡೆಯಬಹುದು ಎಂಬುದು ಆ ಮನೆಗಳವರಿಗೆ ಗೊತ್ತು.

ಎಣಿಸಬೇಕೆಂಬ ಒತ್ತಾಯ ಬಂದಾಗ ಎಣಿಕೆ ಬದಲಾಯಿತು. ಸುಪ್ರೀಂ ಕೋರ್ಟ್‌ನ ಆದೇಶದ ಮೇಲೆ, ಪಾಸಿಟಿವ್ ಬಂದ 30 ದಿನದೊಳಗೆ ಸತ್ತವರನ್ನು ಮನೆಯಲ್ಲಿ ಸತ್ತಿದ್ದರೂ ಕೋವಿಡ್ ಸಾವೆಂದು ಪರಿಗಣಿಸಿ 50,000 ರೂಪಾಯಿ ಪರಿಹಾರ ಕೊಡುವ ನಿಯಮ ಬಂತು. ಗುಜರಾತಿನಲ್ಲಿ ಅಧಿಕೃತ ಸಾವು ಹತ್ತು ಸಾವಿರದಷ್ಟಿತ್ತು. ಪರಿಹಾರಕ್ಕೆ ಬಂದ ಅರ್ಜಿ ತೊಂಬತ್ತು ಸಾವಿರದ ಹತ್ತಿರ, ಒಪ್ಪಿದ್ದೇ ಅರವತ್ತು ಸಾವಿರಕ್ಕೂ ಮೇಲೆ.

ಸಾವಿನ ಸಂಖ್ಯೆ ತಪ್ಪಿದರೆ ಅದರ ಮೇಲೆ ಕಟ್ಟಿದ್ದೆಲ್ಲ ವಾಲುತ್ತದೆ. 2020ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ನಡೆಸಿದ ರಕ್ತಪರೀಕ್ಷೆ ಸಮೀಕ್ಷೆ ರಾಜ್ಯದ ನೂರಕ್ಕೆ 27 ಜನರಿಗೆ ಸೋಂಕು ತಗುಲಿದೆ ಎಂದಿತು, ಅಂದರೆ 1.93 ಕೋಟಿ ಜನ. ಅದಕ್ಕೂ ಮೊದಲು, ಜೂನ್‌ನಿಂದ ಆಗಸ್ಟ್ ನಡುವೆ ಮನೋಜ್ ಮೋಹನನ್ ಮತ್ತು ಇತರರು ನಡೆಸಿದ ಸಮೀಕ್ಷೆ ನೂರಕ್ಕೆ 46 ಮೀರಿ ಎಂದಿತ್ತು, ಹಳ್ಳಿಗಳಲ್ಲೇ 44. ತಡವಾಗಿ ಎಣಿಸಿದ ಸಮೀಕ್ಷೆಯಲ್ಲಿ ಸೋಂಕು ಕಡಿಮೆ! ಬಳಸಿದ ಕಿಟ್, ಮಾದರಿ ಆರಿಸಿದ ರೀತಿ, ಪ್ರತಿಕಾಯಗಳು ಕಾಲಕ್ರಮದಲ್ಲಿ ಕರಗುವುದು ಎಲ್ಲವೂ ಇಲ್ಲಿ ಆಟವಾಡುತ್ತವೆ. ಸರ್ಕಾರಿ ಸಮೀಕ್ಷೆಯವರು ಸೋಂಕಿತರಲ್ಲಿ ಸಾವಿನ ಪ್ರಮಾಣ ಶೇಕಡ 0.05 ಎಂದು ಲೆಕ್ಕ ಹಾಕಿದರು. ‘ಹತ್ತು ಸಾವಿರಕ್ಕೆ ಐದು ಜನ, ಇದಕ್ಕೆ ಇಷ್ಟು ಗಲಾಟೆಯೇ’ ಎಂದು ಕೇಳುವವರಿಗೆ ಈ ಸಂಖ್ಯೆ ಆಯುಧವಾಯಿತು. ಆದರೆ ಭಾಗಾಕಾರದಲ್ಲಿ ಮೇಲೆ ಕೂತಿದ್ದು ಅಧಿಕೃತ ಸಾವು, ಕೆಳಗೆ ಕೂತಿದ್ದು ಸಮೀಕ್ಷೆಯಿಂದ ಹಿಗ್ಗಿಸಿದ ಸೋಂಕು. ಸೋಂಕನ್ನು ನಲವತ್ತು ಪಟ್ಟು ತಿದ್ದಿ, ಸಾವನ್ನು ಒಂದು ಪಟ್ಟೂ ತಿದ್ದದೆ ಬಿಟ್ಟರೆ ರೋಗ ಸೌಮ್ಯವಾಗಿಯೇ ಕಾಣುತ್ತದೆ.

ಲಸಿಕೆಯ ಜಗಳ ನಮ್ಮ ಸೀಮೆಗೆ ಹೊಸದಲ್ಲ. 1898ರಲ್ಲಿ ಪ್ಲೇಗ್ ಹುಬ್ಬಳ್ಳಿಯನ್ನು ಹಿಂಡುತ್ತಿದ್ದಾಗ ಹಾಫ್ಕಿನ್ ತಯಾರಿಸಿದ ಲಸಿಕೆಯನ್ನು ಡಾಕ್ಟರ್ ಲ್ಯೂಮನ್ ಅಲ್ಲಿ ಸುಮಾರು 38 ಸಾವಿರ ಜನರಿಗೆ ಹಾಕಿದರು. ಕಾರವಾರವೂ ಹುಬ್ಬಳ್ಳಿಯೂ ಆಗ ಮುಂಬಯಿ ಪ್ರಾಂತದ ಊರುಗಳು. ಹಾಕಿಸಿಕೊಂಡವರಲ್ಲಿ ಸಾವು ಕಡಿಮೆ, ಹಾಕಿಸಿಕೊಳ್ಳದವರಲ್ಲಿ ಹೆಚ್ಚು ಎಂದು ವರದಿಯಾಯಿತು. ಊರೆಲ್ಲ ಹಾಕಿಸಿಕೊಂಡ ಮೇಲೆ ಉಳಿದವರು ಯಾರು, ಅವರು ಮೊದಲೇ ಕಾಯಿಲೆಯಲ್ಲಿದ್ದವರೇ ಎಂಬ ಪ್ರಶ್ನೆ ಆಗಲೂ ಎದ್ದಿತ್ತು. ನಾಲ್ಕು ವರ್ಷದ ನಂತರ ಪಂಜಾಬಿನ ಮುಲ್ಕೋವಾಲ್‌ನಲ್ಲಿ ಅದೇ ಲಸಿಕೆ ಹಾಕಿಸಿಕೊಂಡ 19 ಜನ ಧನುರ್ವಾಯುವಿನಿಂದ ಸತ್ತರು. 19 ಜನವೂ ಒಂದೇ ಬಾಟಲಿಯಿಂದ ಚುಚ್ಚಿಸಿಕೊಂಡವರು. ಹಾಫ್ಕಿನ್ ಅವರನ್ನು ಅಮಾನತು ಮಾಡಿದರು, ತಪ್ಪು ಅವರದಲ್ಲವೆಂದು ತೀರ್ಮಾನವಾಗಲು ವರ್ಷಗಳು ಹಿಡಿದವು. ಆದರೆ ಬಾಟಲಿಯಲ್ಲಿ ಧನುರ್ವಾಯುವಿನ ರೋಗಾಣು ಇತ್ತು ಎಂಬ ಬಗ್ಗೆ ಸಂಶಯವೇ ಇರಲಿಲ್ಲ, ಏಕೆಂದರೆ ಒಂದೇ ಹಳ್ಳಿಯಲ್ಲಿ 19 ಜನಕ್ಕೆ ಒಟ್ಟಿಗೇ ಧನುರ್ವಾಯು ತಾನಾಗಿ ಬರುವುದಿಲ್ಲ.

ಲಸಿಕೆಯ ಅಪಾಯವನ್ನು ಗುರುತಿಸುವುದರ ಗುಟ್ಟು ಇಲ್ಲಿದೆ. ಹಾನಿಗೆ ತನ್ನದೇ ಗುರುತು ಇದ್ದರೆ ಕೆಲವೇ ಪ್ರಕರಣ ಸಾಕು. ಅಸ್ಟ್ರಾಜೆನೆಕಾ ಲಸಿಕೆಯ ಭಾರತದ ರೂಪವಾದ ಕೋವಿಶೀಲ್ಡ್‌ನ ವಿಷಯದಲ್ಲಿ ಆದದ್ದು ಅದೇ. ರಕ್ತ ಹೆಪ್ಪುಗಟ್ಟುವುದು ಮತ್ತು ಪ್ಲೇಟ್‌ಲೆಟ್ ಕುಸಿಯುವುದು ಒಟ್ಟಿಗೇ ಆಗುವುದು ಬಹಳ ಅಪರೂಪ. 2021ರ ಮಾರ್ಚ್‌ನಲ್ಲಿ ಯುರೋಪಿನ ವೈದ್ಯರು ಬೆರಳೆಣಿಕೆಯ ರೋಗಿಗಳಲ್ಲಿ ಈ ಜೋಡಿಯನ್ನು ಕಂಡ ಕೂಡಲೇ ಎಚ್ಚೆತ್ತರು. ಬ್ರಿಟನ್ನಿನ ಲೆಕ್ಕದಲ್ಲಿ ಮೊದಲ ಡೋಸ್ ಪಡೆದ 50ರೊಳಗಿನವರಲ್ಲಿ ಸುಮಾರು 50 ಸಾವಿರಕ್ಕೆ ಒಬ್ಬರು, ಮೇಲಿನವರಲ್ಲಿ ಲಕ್ಷಕ್ಕೆ ಒಬ್ಬರು. ಡೆನ್ಮಾರ್ಕ್ ಏಪ್ರಿಲ್‌ನಲ್ಲಿ ಈ ಲಸಿಕೆಯನ್ನೇ ನಿಲ್ಲಿಸಿತು. ಅಲ್ಲಿ ಆಗ ಸೋಂಕು ಹತೋಟಿಯಲ್ಲಿತ್ತು, ಬೇರೆ ಲಸಿಕೆ ಸಿಗುತ್ತಿತ್ತು, ಅದು ಸರಿಯಾದ ನಿರ್ಧಾರ. ಅದೇ ತಿಂಗಳು ನಮ್ಮಲ್ಲಿ ಡೆಲ್ಟಾ ಮನೆಮನೆ ಹೊಕ್ಕಿತ್ತು, ಹಾಕಿಸಿಕೊಳ್ಳಿ ಎಂದದ್ದೂ ಸರಿಯಾದ ನಿರ್ಧಾರ. ಅಪಾಯ ಒಂದೇ ಇದ್ದರೂ ಹೋಲಿಸಬೇಕಾದ ಇನ್ನೊಂದು ಪಕ್ಕ ಬೇರೆ.

ಲಸಿಕೆಯ ಅಡ್ಡಪರಿಣಾಮ ಪರಿಶೀಲಿಸುವ ನಮ್ಮ ರಾಷ್ಟ್ರೀಯ ಸಮಿತಿ 2021ರ ಮೇ ತಿಂಗಳಲ್ಲಿ ಭಾರತದಲ್ಲಿ ಇದರ ಪ್ರಮಾಣ ಹತ್ತು ಲಕ್ಷ ಡೋಸ್‌ಗೆ 0.61 ಎಂದಿತು. ಬ್ರಿಟನ್ನಿನದು 4, ಜರ್ಮನಿಯದು 10 ಎಂದೂ ಹೇಳಿತು. ನಮ್ಮವರ ರಕ್ತದ ಗುಣವೇ ಬೇರೆ ಇರಬಹುದು. ಅಂಕೋಲೆಯ ಒಳಹಳ್ಳಿಯಲ್ಲಿ ತಲೆನೋವು ಬಂದು ನಾಲ್ಕು ದಿನದಲ್ಲಿ ಸತ್ತವರ ಪ್ಲೇಟ್‌ಲೆಟ್ ಯಾರೂ ನೋಡದೆ ಇದ್ದುದೂ ಇರಬಹುದು. ಎರಡನೆಯದನ್ನು ತಳ್ಳಿಹಾಕಲು ಬೇಕಾದ ದಾಖಲೆ ಇಲ್ಲ. ಲಸಿಕೆ ಹಾಕುವಾಗ ‘ತೀವ್ರ ತಲೆನೋವು, ಕಾಲು ಬಾವು, ಎದೆನೋವು ಬಂದರೆ ತಕ್ಷಣ ಬನ್ನಿ’ ಎಂದು ಪ್ರತಿಯೊಬ್ಬರಿಗೂ ಸ್ಪಷ್ಟವಾಗಿ ಹೇಳಬೇಕಿತ್ತು. ಅದು ಎಲ್ಲ ಕಡೆ ಆಗಲಿಲ್ಲ. 2022ರ ಮೇ 2ರಂದು ಸುಪ್ರೀಂ ಕೋರ್ಟ್ ಯಾರಿಗೂ ಬಲವಂತದಿಂದ ಲಸಿಕೆ ಹಾಕುವಂತಿಲ್ಲ, ಅಡ್ಡಪರಿಣಾಮಗಳ ವರದಿ ಸಾರ್ವಜನಿಕರಿಗೆ ಸಿಗಬೇಕು ಎಂದಿತು. ಲಸಿಕೆಯ ಪರ ಇರುವವರು ಈ ತೀರ್ಪನ್ನು ಸ್ವಾಗತಿಸಬೇಕು, ನಾನಂತೂ ಸ್ವಾಗತಿಸುತ್ತೇನೆ. ಅಪರೂಪದ ಅಪಾಯವನ್ನು ಮೊದಲೇ ಹೇಳಿದವರ ಮಾತನ್ನು ಜನ ನಂಬುತ್ತಾರೆ. 2024ರಲ್ಲಿ ಅಸ್ಟ್ರಾಜೆನೆಕಾ ಲಂಡನ್ನಿನ ನ್ಯಾಯಾಲಯದಲ್ಲಿ ಇದನ್ನು ಒಪ್ಪಿದೆ ಎಂಬ ಸುದ್ದಿ ಬಂದಾಗ, ಮೂರು ವರ್ಷದ ಹಿಂದೆಯೇ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿದ್ದ ವಿಷಯ ನಮ್ಮ ಊರುಗಳಲ್ಲಿ ಮುಚ್ಚಿಟ್ಟ ರಹಸ್ಯದಂತೆ ಸಿಡಿಯಿತು.

ಗುರುತಿಲ್ಲದ ಹಾನಿಯ ಕಥೆಯೇ ಬೇರೆ. 2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ನಲವತ್ತು ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರೆಂದು ಟೀವಿಯಲ್ಲಿ ದಿನಾ ಎಣಿಕೆ ನಡೆಯಿತು. ಕೆಲವರು ಬಹಳ ಚಿಕ್ಕವರು. ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ, ಲಸಿಕೆಗೆ ಆತುರದಲ್ಲಿ ಒಪ್ಪಿಗೆ ಕೊಟ್ಟದ್ದೂ ಒಂದು ಕಾರಣವಿರಬಹುದು ಎಂದರು. ಕೇಂದ್ರ ಆರೋಗ್ಯ ಸಚಿವಾಲಯ ಅದನ್ನು ಅಲ್ಲಗಳೆಯಿತು, ಉದ್ಯಮಿ ಕಿರಣ್ ಮಜುಂದಾರ್ ಶಾ ವಿರೋಧಿಸಿದರು. ಮೈಸೂರು, ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಗಾಬರಿಯಾದ ಜನ ಸಾಲುಗಟ್ಟಿದರು.

ಇಲ್ಲಿ ಆ ಕಾಣದ ವರ್ಷವನ್ನು ಪಕ್ಕದಲ್ಲಿಟ್ಟು ನೋಡೋಣ. ಹಾಸನ ಜಿಲ್ಲೆಯಲ್ಲಿ 2011ರಲ್ಲೇ 17.7 ಲಕ್ಷ ಜನ. ಸಾವಿರಕ್ಕೆ ಏಳರಂತೆ ನಲವತ್ತು ದಿನಕ್ಕೆ ಎಲ್ಲ ಕಾರಣದಿಂದ 1,300ಕ್ಕೂ ಹೆಚ್ಚು ಸಾವು. ಅದರಲ್ಲಿ ಹೃದಯ, ರಕ್ತನಾಳದ ಕಾಯಿಲೆ ಕಾಲುಭಾಗ ಎಂದರೂ 300 ಮೀರುತ್ತದೆ. ಟೀವಿಯ ಇಪ್ಪತ್ತು ಅದರೊಳಗಿನ ಒಂದು ಸಣ್ಣ ಪಾಲು. ಚಿಕ್ಕ ವಯಸ್ಸಿನವರ ಸಾವು ಹೆಚ್ಚಾಯಿತೇ ಎಂಬುದು ನಿಜವಾದ ಪ್ರಶ್ನೆ, ಅದಕ್ಕೆ ಹಿಂದಿನ ವರ್ಷಗಳ ವಯಸ್ಸುವಾರು ಲೆಕ್ಕ ಬೇಕು. ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿ ಲಸಿಕೆಗೂ ಅಕಾಲಿಕ ಹೃದ್ರೋಗಕ್ಕೂ ಸಂಬಂಧ ಕಂಡಿಲ್ಲ ಎಂದಿತು. ಹಾಸನದ 24 ಸಾವುಗಳನ್ನು ಕೆದಕಿ ನೋಡಿದರೆ ನಾಲ್ಕು ಹೃದಯಕ್ಕೆ ಸಂಬಂಧಿಸಿದ್ದೇ ಅಲ್ಲ, ಅವುಗಳಲ್ಲಿ ರಸ್ತೆ ಅಪಘಾತವೂ ವಿದ್ಯುತ್ ಆಘಾತವೂ ಸೇರಿದ್ದವು. ಇದಕ್ಕೂ ಮೊದಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 18ರಿಂದ 45 ವರ್ಷದೊಳಗೆ ಹಠಾತ್ತಾಗಿ ಸತ್ತ 729 ಜನರನ್ನು, ಅದೇ ವಯಸ್ಸಿನ ಬದುಕಿರುವ 2,916 ನೆರೆಹೊರೆಯವರೊಂದಿಗೆ ಹೋಲಿಸಿತ್ತು. ಎರಡು ಡೋಸ್ ಪಡೆದವರಲ್ಲಿ ಹಠಾತ್ ಸಾವಿನ ಅಪಾಯ ಕಡಿಮೆ ಇತ್ತು. ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದವರು, ಮನೆತನದಲ್ಲಿ ಹಠಾತ್ ಸಾವು ಕಂಡವರು, ಸಾವಿನ ಹಿಂದಿನ ಎರಡು ದಿನದಲ್ಲಿ ವಿಪರೀತ ಕುಡಿದವರು ಅಥವಾ ದೇಹ ದಂಡಿಸಿದವರಲ್ಲಿ ಹೆಚ್ಚಿತ್ತು. ಯುವಕರ ಹೃದಯದ ಉರಿಯೂತದ ಬಗ್ಗೆ ಅಮೆರಿಕದಿಂದ ಬಂದ ಎಚ್ಚರಿಕೆಗಳು ನಿಜ, ಆದರೆ ಅವು ಫೈಜರ್, ಮೊಡೆರ್ನಾ ಲಸಿಕೆಗಳ ಕುರಿತದ್ದು. ಹಾಸನದಲ್ಲಾಗಲಿ ಬಿಣಗಾದಲ್ಲಾಗಲಿ ಜನ ಹಾಕಿಸಿಕೊಂಡದ್ದು ಕೋವಿಶೀಲ್ಡ್, ಕೋವ್ಯಾಕ್ಸಿನ್.

ಆದರೂ ‘ನಮ್ಮಣ್ಣ ಸೂಜಿ ಹಾಕಿಸಿಕೊಂಡು ಬಂದ ನಾಲ್ಕನೇ ದಿನ ಹೋದ’ ಎನ್ನುವವರ ಮಾತು ಸುಳ್ಳಲ್ಲ. ಕಾರವಾರ, ಅಂಕೋಲಾದಲ್ಲಿ ದಿನಕ್ಕೆ ಐದು ಸಾವು ಎಂದೆವಲ್ಲ. ಎಲ್ಲ ವಯಸ್ಕರಿಗೂ ಒಂದು ಡೋಸ್ ನೀರು ಚುಚ್ಚಿದರೂ, ಚುಚ್ಚಿದ ಏಳು ದಿನದೊಳಗೆ ಸುಮಾರು 35 ಜನ ಸತ್ತೇ ಸಾಯುತ್ತಾರೆ. ಹಾಸಿಗೆ ಹಿಡಿದವರು ಲಸಿಕೆ ಕೇಂದ್ರಕ್ಕೆ ಬರುವುದಿಲ್ಲವಾದ್ದರಿಂದ ಅರ್ಧ ಕಳೆಯಿರಿ. ಆಗಲೂ ಹದಿನೈದು ಮನೆಗಳಲ್ಲಿ ಈ ಮಾತು ಜೀವನಪೂರ್ತಿ ಉಳಿಯುತ್ತದೆ. ಆ ಮನೆಗಳಿಗೆ ‘ಕಾಕತಾಳೀಯ’ ಎಂದು ಹೇಳಿ ಬಾಗಿಲು ಮುಚ್ಚುವುದು ಕ್ರೌರ್ಯ. ಮರಣೋತ್ತರ ಪರೀಕ್ಷೆ ಮಾಡಿ, ಕಾರಣ ಬರೆದು, ಆ ಕಾಗದವನ್ನು ಅವರ ಕೈಗೆ ಕೊಡಬೇಕು.

ಲಸಿಕೆಯ ಲಾಭದ ಲೆಕ್ಕದಲ್ಲೂ ಇದೇ ಎಳೆದಾಟ ಇದೆ. 2022ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು ಮೊದಲ ವರ್ಷದಲ್ಲಿ ಲಸಿಕೆ ಜಗತ್ತಿನಲ್ಲಿ 1.98 ಕೋಟಿ ಜೀವ ಉಳಿಸಿತು, ಭಾರತದಲ್ಲೇ 42 ಲಕ್ಷ ಎಂದರು. 2025ರಲ್ಲಿ ಜಾನ್ ಅಯೊನಿಡಿಸ್ ಮತ್ತು ಸಂಗಡಿಗರು 2020ರಿಂದ 2024ರವರೆಗೆ ಇಡೀ ಜಗತ್ತಿಗೆ 25 ಲಕ್ಷ ಎಂದರು. ಇಬ್ಬರೂ ಲಸಿಕೆ ಉಳಿಸಿತು ಎಂಬುದನ್ನು ಒಪ್ಪುತ್ತಾರೆ. ಲಸಿಕೆ ಇಲ್ಲದಿದ್ದರೆ ಎಷ್ಟು ಜನರಿಗೆ ಸೋಂಕು ತಗುಲಿ ಎಷ್ಟು ಜನ ಸಾಯುತ್ತಿದ್ದರು ಎಂಬ ಊಹೆ ಬೇರೆ. ಭಾರತದ 42 ಲಕ್ಷ ಬಂದದ್ದು ಹೆಚ್ಚುವರಿ ಸಾವಿನ ಮಾದರಿಯಿಂದ. 47 ಲಕ್ಷ ಸಾವನ್ನು ಒಪ್ಪದವರು ಆ 42 ಲಕ್ಷ ಉಳಿಕೆಯನ್ನು ಎತ್ತಿ ತೋರಿಸಬಾರದು, ಒಂದೇ ಬಗೆಯ ಗಣಿತ ಎರಡನ್ನೂ ಹಡೆದಿದೆ.

ಲಾಕ್‌ಡೌನ್ ಬಗ್ಗೆ ಕಾರವಾರದವರಿಗೆ ಪಕ್ಕದಲ್ಲೇ ಒಂದು ಪ್ರಯೋಗಶಾಲೆ ಇತ್ತು, ಗೋವಾ. 2020ರ ಮಾರ್ಚ್ 25ರಿಂದ ದೇಶ ಮುಚ್ಚಿತು, ಬೈತಖೋಲ ಬಂದರಿನ ಬೋಟುಗಳು ನಿಂತವು, ಮಾಜಾಳಿಯಲ್ಲಿ ಗಡಿ ಬಂದ್ ಆಗಿ ಗೋವಾದಲ್ಲಿ ದುಡಿಯುವವರು ಅಲ್ಲೇ ಸಿಕ್ಕಿಬಿದ್ದರು. ಗೋವಾದಲ್ಲಿ ಸಿಕ್ಕ ಏಳೂ ಸೋಂಕಿತರು ಏಪ್ರಿಲ್ 19ರ ಹೊತ್ತಿಗೆ ಗುಣವಾಗಿ ರಾಜ್ಯ ಸೋಂಕುಮುಕ್ತ ಎನಿಸಿತು. ಜೂನ್‌ನಲ್ಲಿ ವಾಸ್ಕೋದ ಮಾಂಗೋರ್ ಹಿಲ್‌ನಲ್ಲಿ ಸೋಂಕು ಸ್ಫೋಟಿಸಿತು. ಮರುವರ್ಷದ ಮೇ ತಿಂಗಳಲ್ಲಿ ಪರೀಕ್ಷೆಗೆ ಬಂದ ಇಬ್ಬರಲ್ಲಿ ಒಬ್ಬರು ಪಾಸಿಟಿವ್, ದೇಶದಲ್ಲೇ ಅತಿ ಹೆಚ್ಚು. ಬಂದ್ ಮಾಡಿದ್ದು ಸೋಂಕನ್ನು ತಡೆಯಿತೇ ಎಂದರೆ ಮುಂದೂಡಿತು.

ಮುಂದೂಡಿದ್ದರಿಂದ ಏನು ಸಿಕ್ಕಿತು ಎಂಬುದರಲ್ಲಿ ಉತ್ತರ ಇದೆ. ನ್ಯೂಜಿಲೆಂಡ್ ಲಸಿಕೆ ಬರುವವರೆಗೆ ಮುಂದೂಡಿತು, ಅಲ್ಲಿ ಹೆಚ್ಚುವರಿ ಸಾವು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ನಮ್ಮಲ್ಲಿ ಒಂದು ವರ್ಷ ಸಿಕ್ಕಿತು. ಆದರೆ 2021ರ ಮೇ 1ರ ಹೊತ್ತಿಗೆ ಎರಡೂ ಡೋಸ್ ಪಡೆದವರು ನೂರಕ್ಕೆ ಎರಡು ಜನ, ಚಾಮರಾಜನಗರದಲ್ಲಿ ಸಿಲಿಂಡರ್ ಇಲ್ಲ. ಲಾಕ್‌ಡೌನ್ ವಿಫಲವಾಯಿತು ಎನ್ನುವುದಕ್ಕಿಂತ, ಜನ ದುಡಿಮೆ ಬಿಟ್ಟು ಗಳಿಸಿಕೊಟ್ಟ ಕಾಲವನ್ನು ಆಳುವವರು ಕೈಚೆಲ್ಲಿದರು ಎನ್ನುವುದು ಸರಿ.

ಎಷ್ಟು ಜೀವ ಉಳಿಯಿತು ಎಂಬ ಸಂಖ್ಯೆಗಳಂತೂ ಆಕಾಶಕ್ಕೂ ಭೂಮಿಗೂ ಹರಡಿವೆ. ಕೇಂದ್ರ ಸಚಿವರು 2020ರ ಸೆಪ್ಟೆಂಬರ್‌ನಲ್ಲಿ ಸಂಸತ್ತಿಗೆ 37 ಸಾವಿರದಿಂದ 78 ಸಾವಿರ ಸಾವು ತಪ್ಪಿತು ಎಂದರು. ಇಂಪೀರಿಯಲ್ ಕಾಲೇಜು 11 ಯುರೋಪಿಯನ್ ದೇಶಗಳಲ್ಲಿ 31 ಲಕ್ಷ ಎಂದಿತು. ಹರ್ಬಿ, ಯೋನುಂಗ್, ಹ್ಯಾಂಕಿ ಎಂಬ ಮೂವರು ಅರ್ಥಶಾಸ್ತ್ರಜ್ಞರು ಹಲವು ಅಧ್ಯಯನ ಕಲೆಹಾಕಿ ಸಾವು ಇಳಿದದ್ದು ಶೇಕಡ 0.2 ಮಾತ್ರ ಎಂದರು. ಇಷ್ಟೊಂದು ಅಂತರ ಹೇಗೆ? ಮೊದಲ ಗುಂಪು, ಬಂದ್ ಇಲ್ಲದಿದ್ದರೆ ಜನ ಎಂದಿನಂತೆಯೇ ಓಡಾಡುತ್ತಿದ್ದರು ಎಂದು ಹಿಡಿಯಿತು. ಎರಡನೆಯವರು, ಜನ ಹೆದರಿ ತಾವೇ ಮನೆಯಲ್ಲಿ ಇರುತ್ತಿದ್ದರು ಎಂದರು. ಅಮೆರಿಕದಲ್ಲಿ ಅರ್ಥಶಾಸ್ತ್ರಜ್ಞರಾದ ಗೂಲ್ಸ್‌ಬಿ, ಸಿವರ್ಸನ್ ಮೊಬೈಲ್ ದಾಖಲೆ ನೋಡಿದಾಗ ಅಂಗಡಿಗೆ ಹೋಗುವವರು ಶೇಕಡ 60 ಇಳಿದಿದ್ದರು, ಅದರಲ್ಲಿ ಸರ್ಕಾರಿ ಆದೇಶದ ಪಾಲು 7 ಅಂಶ ಮಾತ್ರ. ಉಳಿದದ್ದು ಭಯ. ಆದರೆ ಆ ಭಯದಿಂದ ಮನೆಯಲ್ಲಿ ಕೂರಲು ಕೂಡಿಟ್ಟ ಹಣ ಬೇಕು. ದಿನದ ಮೀನು ಮಾರಿ ಅಕ್ಕಿ ಕೊಳ್ಳುವವರು ಆದೇಶವಿಲ್ಲದಿದ್ದರೆ ಹೋಗಿಯೇ ತೀರುತ್ತಿದ್ದರು. ಅಮೆರಿಕದ 7 ಅಂಶವನ್ನು ಬೈತಖೋಲಕ್ಕೆ ತಂದು ಕೂರಿಸಲಾಗದು.

ಬಂದ್‌ನ ಬೆಲೆಯನ್ನೂ ಸಾವಿನ ಪುಸ್ತಕದಲ್ಲೇ ಹುಡುಕಬೇಕು. ದೇಶದಲ್ಲಿ ಪತ್ತೆಯಾದ ಕ್ಷಯರೋಗಿಗಳು 2019ರಲ್ಲಿ 24 ಲಕ್ಷ, 2020ರಲ್ಲಿ 18 ಲಕ್ಷ. ಕ್ಷಯ ಇಳಿಯಲಿಲ್ಲ, ಪತ್ತೆ ಇಳಿಯಿತು. ಆ ಆರು ಲಕ್ಷದಲ್ಲಿ ಸತ್ತವರು ಮುಂದಿನ ವರ್ಷಗಳಲ್ಲಿ ಹೆಸರಿಲ್ಲದೆ ಸೇರಿಹೋಗುತ್ತಾರೆ. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಕರ್ನಾಟಕದಲ್ಲಿ ಶಾಲೆ ತೆರೆದದ್ದು 2021ರ ಅಕ್ಟೋಬರ್ 25ರಂದು, ಹತ್ತೊಂಬತ್ತು ತಿಂಗಳ ಮೇಲೆ. ಮಕ್ಕಳಿಗೆ ರೋಗದ ಅಪಾಯ ಅತಿ ಕಡಿಮೆ ಎಂದು ಅದಕ್ಕೆ ಬಹಳ ಮೊದಲೇ ಗೊತ್ತಿತ್ತು. ಇಷ್ಟು ಕಾಲ ಮುಚ್ಚಿದ್ದು ತಪ್ಪು ಎಂದೇ ನನ್ನ ತೀರ್ಮಾನ.

ಈ ಜಗಳಗಳು ಎಷ್ಟು ವರ್ಷ ನಡೆಯಬಹುದು? 1918ರ ಇನ್‌ಫ್ಲುಯೆಂಜಾ ಜ್ವರಕ್ಕೆ ಭಾರತದಲ್ಲಿ 60 ಲಕ್ಷ ಜನ ಸತ್ತರೆಂದು ನಾರ್ಮನ್ ವೈಟ್ ಮರುವರ್ಷ ಅಂದಾಜಿಸಿದರು. ಪಟೇಲರು, ಶಾನುಭೋಗರು ಬರೆದಿಟ್ಟ ಸಾವಿನ ಪಟ್ಟಿಯಲ್ಲಿ ಇದ್ದದ್ದು ಬರೀ ‘ಜ್ವರ’. ಬರೆಯುವವರೇ ಎಷ್ಟೋ ಊರುಗಳಲ್ಲಿ ಸತ್ತಿದ್ದರು. 1921ರ ಜನಗಣತಿ ಕಾಣೆಯಾದವರನ್ನು ತೋರಿಸಿತು. ಜನಸಂಖ್ಯಾ ತಜ್ಞ ಕಿಂಗ್ಸ್‌ಲಿ ಡೇವಿಸ್ 1951ರಲ್ಲಿ ಅದನ್ನು ಹಿಡಿದು ಎರಡು ಕೋಟಿಯ ಹತ್ತಿರಕ್ಕೆ ಒಯ್ದರು, 1986ರಲ್ಲಿ ಮಿಲ್ಸ್ 1.7 ಕೋಟಿ ಎಂದರು, 2012ರಲ್ಲಿ ಸಿದ್ಧಾರ್ಥ ಚಂದ್ರ 1.38 ಕೋಟಿಗೆ ಇಳಿಸಿದರು.

ಈ ಸಲ ಆ ಜನಗಣತಿಯೂ ತಡವಾಗಿದೆ. 2021ರಲ್ಲಿ ಆಗಬೇಕಿದ್ದ ಎಣಿಕೆಗೆ 2027ರ ಮಾರ್ಚ್ 1 ಗೊತ್ತುಪಡಿಸಲಾಗಿದೆ. ಹದಿನಾರು ವರ್ಷಗಳ ಅಂತರದಲ್ಲಿ ಎರಡು ವರ್ಷದ ಪಿಡುಗು ಮಸುಕಾಗಿಯೇ ಕಾಣುತ್ತದೆ. ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಹಾಸನದ ಗದ್ದಲದ ನಂತರ ರಾಜ್ಯ ಸರ್ಕಾರ ಪ್ರಕಟಿಸಿದ ಒಂದು ನಿರ್ಧಾರ: 45 ವರ್ಷದೊಳಗಿನವರು ಆಸ್ಪತ್ರೆಯ ಹೊರಗೆ ಹಠಾತ್ತಾಗಿ ಸತ್ತರೆ ಮರಣೋತ್ತರ ಪರೀಕ್ಷೆ ಮಾಡಬೇಕು, ಅಂಥ ಸಾವನ್ನು ಸರ್ಕಾರಕ್ಕೆ ತಿಳಿಸಬೇಕು. 2021ರಲ್ಲಿ ದೇಶದ ನೋಂದಾಯಿತ ಸಾವುಗಳಲ್ಲಿ ವೈದ್ಯರು ಕಾರಣ ಬರೆದದ್ದು ಸುಮಾರು ಶೇಕಡ 23ಕ್ಕೆ ಮಾತ್ರ. ಉಳಿದ ಎಪ್ಪತ್ತೇಳರಲ್ಲಿ ಬಿಣಗಾ, ಅಮದಳ್ಳಿ, ಅವರ್ಸಾದಂಥ ಊರುಗಳಲ್ಲಿ ಮನೆಯಲ್ಲೇ ಕಣ್ಣು ಮುಚ್ಚಿದವರು ಬಹಳ. ಮನೆಯ ಸಾವಿಗೆ ವೈದ್ಯರು ಕಾರಣ ಬರೆದುಕೊಡಲು 4-ಎ ಎಂಬ ನಮೂನೆ ಈಗಾಗಲೇ ಇದೆ. ಸಾವಿನ ಮನೆಗೆ ಹೋಗಿ, ಕೊನೆಯ ದಿನಗಳ ಬಗ್ಗೆ ಕೇಳಿ, ಆ ನಮೂನೆ ತುಂಬಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಬ್ಬ ವೈದ್ಯರೂ ಒಂದು ಗಾಡಿಯೂ ಬೇಕು.